ಕಲ್ಲುಗುಂಡಿಯ ಗೋಬಿ

ನಮ್ಮೂರಿನ ಲೈಬ್ರರಿಯ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಭಾಷಣ ಇದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನೂ, ನಾನು ಹೇಳಿದ್ದನ್ನೇ ಹೇಳಿದ ಕಡೆಗಳನ್ನೂ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹೊರಗೆ ಬೋರ್ಡಿನಲ್ಲಿ ಚಾಕ್‌ಪೀಸಿನಿಂದ ‘ಇಂದು ಸಂಜೆ: ಗೋಬಿ’ ಅಂತ ಬರೆದಿದ್ದಾರೆ. ಅದನ್ನು ಓದಿದ ಇಬ್ಬರು ಹುಡುಗರು, ಮಂಚೂರಿ ಮಾಡುವುದು ಹೇಳಿಕೊಡುತ್ತಾರೇನೋ ಅಂತ ಮಾತಾಡಿಕೊಳ್ಳುತ್ತಿದ್ದರು. ಆ ಇಬ್ಬರೂ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಎದ್ದು ಹೋಗಬೇಡಿ. ಇದು ಹೂಕೋಸಲ್ಲ, ಮೀನು. ಬೆರಳುದ್ದದ ಮೀನು. ಕಡಲ ಬಂಡೆಗಳ ನಡುವೆ ನೀರು ನಿಂತ ಗುಂಡಿಗಳಲ್ಲಿ ಇರುತ್ತದೆ. ನೀವೆಲ್ಲ ಅದರ ಪಕ್ಕದಲ್ಲೇ ಕಾಲಿಟ್ಟು ಹೋಗಿದ್ದೀರಿ. ನೋಡಿಲ್ಲ, ಅಷ್ಟೇ.

ನಾನೂ ನೋಡಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ಕಡಲಿನ ಸದ್ದು ಕೇಳುವಷ್ಟು ಹತ್ತಿರದ ಶಾಲೆ. ಅಲ್ಲಿ ಕೂತು ವರ್ಷಗಟ್ಟಲೆ ಮೀನಿನ ಪಾಠಕ್ಕೆ ಬೋರ್ಡಿನ ಮೇಲೆ ರೋಹು ಬರೆದೆ. ಗಂಗೆಯ ಮೀನು! ಒಂದು ದಿನ ಮೀನುಗಾರರ ಮನೆಯ ಹುಡುಗನೊಬ್ಬ, ‘ಸಾರ್, ಕಲ್ಲಿನ ಹತ್ರ ಒಂದು ಮೀನಿದೆ, ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರ್ತದೆ’ ಅಂದ. ನಾನು ಅದು ಕಪ್ಪೆ ಇರಬೇಕು ಅಂದೆ. ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಉಪ್ಪುನೀರಿನಲ್ಲಿ ಕಪ್ಪೆ ಎಲ್ಲಿಂದ ಬರಬೇಕು, ಅಲ್ವಾ?

ಆ ಶನಿವಾರ ಅವನ ಜೊತೆ ಕಾಪು ಕಡೆಯ ಬಂಡೆಗಳಿಗೆ ಹೋದೆ. ದೀಪಸ್ತಂಭ ಇದೆಯಲ್ಲ, 1901ರಲ್ಲಿ ಕಟ್ಟಿದ್ದು, ಅದರ ಬುಡದ ಸುತ್ತಮುತ್ತ. ಅಮಾವಾಸ್ಯೆ ಕಳೆದು ಎರಡು ದಿನ ಆಗಿತ್ತು, ನೀರು ಚೆನ್ನಾಗಿ ಇಳಿದಿತ್ತು. ಬಂಡೆಯ ಸಂದಿನಲ್ಲಿ ಬಚ್ಚಲ ಹಂಡೆಯಷ್ಟು ಅಗಲದ ಒಂದು ಗುಂಡಿ. ನೀರು ಮೊಣಕಾಲಿಗೂ ಬಾರದು. ಹುಡುಗ ‘ಅಲ್ಲಿ’ ಅಂದ. ನನಗೆ ಕಂಡದ್ದು ಪಾಚಿ, ಬಂಡೆಗೆ ಕಚ್ಚಿಕೊಂಡ ಬಾರ್ನಕಲ್ ಚಿಪ್ಪುಗಳು, ಒಂದಿಷ್ಟು ಮರಳು, ಒಂದು ಶಂಖದ ಹುಳು. ‘ಎಲ್ಲಿ?’ ‘ಅಲ್ಲೇ ಸಾರ್.’ ಐದು ನಿಮಿಷ ಕೂತೆವು. ಬಿಸಿಲಿಗೆ ಕತ್ತು ಸುಡುತ್ತಿತ್ತು. ಆಮೇಲೆ ಒಂದು ಕಲ್ಲು ಕಣ್ಣು ತಿರುಗಿಸಿತು.

ನಿಜವಾಗಿ ಹಾಗೇ ಅನ್ನಿಸಿತು. ಮೊದಲು ಕಂಡದ್ದು ಕಣ್ಣು, ತಲೆಯ ಮೇಲ್ಗಡೆ, ಎರಡೂ ಒಂದರ ಪಕ್ಕ ಒಂದು. ಆಮೇಲೆ ದಪ್ಪ ಕೆನ್ನೆ, ಅಗಲ ಬಾಯಿ. ಮೈ ಕಂದು, ಅದರ ಮೇಲೆ ಗಾಢವಾದ ಮಚ್ಚೆಗಳು. ಮಚ್ಚೆಗಳ ಅಂಚು ಎಲ್ಲೂ ನೇರವಾಗಿಲ್ಲ. ಹಾಗಾಗಿ ಮೀನು ಎಲ್ಲಿ ಮುಗಿಯುತ್ತದೆ, ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯಲು ಆಗುವುದಿಲ್ಲ. ಎದೆಯ ರೆಕ್ಕೆಯ ಮೇಲ್ತುದಿಯಲ್ಲಿ ರೇಷ್ಮೆ ಎಳೆಯ ಹಾಗೆ ಬಿಡಿಬಿಡಿ ಕಡ್ಡಿಗಳು. ಈ ಗುಂಪಿನ ಗೋಬಿಗಳನ್ನು ಗುರುತಿಸುವುದೇ ಆ ಎಳೆಗಳಿಂದ.

ಇದರ ಕುಲದ ಹೆಸರು ಬ್ಯಾಥಿಗೋಬಿಯಸ್. ‘ಬ್ಯಾಥಿ’ ಅಂದರೆ ಗ್ರೀಕಿನಲ್ಲಿ ಆಳ. ಮೊಣಕಾಲುದ್ದ ನೀರಿನ ಮೀನಿಗೆ ಆಳ ಅಂತ ಹೆಸರು! ನಮ್ಮಲ್ಲಿ ಸಿಗುವುದು ಬ್ಯಾಥಿಗೋಬಿಯಸ್ ಫಸ್ಕಸ್. ಫಸ್ಕಸ್ ಅಂದರೆ ಕಂದುಗಪ್ಪು. ಕೆಂಪು ಸಮುದ್ರದಿಂದ ಹಿಡಿದು ನಮ್ಮ ಅರಬ್ಬೀ ಕಡಲು ದಾಟಿ ಪೆಸಿಫಿಕ್‌ನ ದ್ವೀಪಗಳ ತನಕ ಇದೆ. 1830ರಲ್ಲಿ ಇದಕ್ಕೆ ಹೆಸರಿಟ್ಟವರು ಜರ್ಮನಿಯ ರ್‍ಯೂಪೆಲ್. ಅಟ್ಲಾಂಟಿಕ್‌ನ ಆ ಕಡೆ ಇದರ ದಾಯಾದಿ ಒಂದಿದೆ, ಬ್ಯಾಥಿಗೋಬಿಯಸ್ ಸೊಪೊರೇಟರ್. ಇವತ್ತಿನ ಕತೆಯ ಮುಖ್ಯ ಪಾತ್ರ ಅದು. ಅದರ ಬಳಿಗೆ ಆಮೇಲೆ ಬರುತ್ತೇನೆ.

ಮೊದಲು ಗುಂಡಿಯ ಬಗ್ಗೆ ಸ್ವಲ್ಪ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಿ ಇಳಿಯುತ್ತದೆ. ಉಬ್ಬರದಲ್ಲಿ ಗುಂಡಿ ಅನ್ನುವುದೇ ಇಲ್ಲ, ಎಲ್ಲ ಕಡಲು. ದೊಡ್ಡ ಮೀನುಗಳು ಬಂಡೆಯ ಮೇಲೆಯೇ ಓಡಾಡುತ್ತವೆ. ಇಳಿತದಲ್ಲಿ ಅವು ಹೋಗುತ್ತವೆ, ಕೊಕ್ಕರೆ ಬರುತ್ತದೆ. ಕಡಲ ಕೊಕ್ಕರೆ ಗುಂಡಿಯ ಅಂಚಿನಲ್ಲಿ ನಿಂತರೆ ಸಾಕ್ಷಾತ್ ಯಮ. ಜೊತೆಗೆ ಏಡಿ ಬೇರೆ. ಏಪ್ರಿಲ್ ಬಿಸಿಲಿಗೆ ಗುಂಡಿಯ ನೀರು ಕಾಯುತ್ತದೆ, ಆರಿ ಇನ್ನೂ ಉಪ್ಪಾಗುತ್ತದೆ. ಜೂನ್ ಮಳೆ ಹೊಡೆದರೆ ಅದೇ ಗುಂಡಿ ಅರ್ಧ ಸಿಹಿನೀರು. ರಾತ್ರಿ ಪಾಚಿಯೂ ಉಸಿರಾಡುವುದರಿಂದ ನೀರಿನ ಆಮ್ಲಜನಕ ಇಳಿಯುತ್ತದೆ. ಬಾಡಿಗೆ ಇಲ್ಲದೆ ಕೊಟ್ಟರೂ ಬೇಡ ಅನ್ನುವಂಥ ಮನೆ.

ಅಂಥ ಕಡೆ ಇರಬೇಕಾದರೆ ಏನು ಬೇಕು? ಈ ಮೀನಿಗೆ ವಿಷ ಇಲ್ಲ, ದೊಡ್ಡ ಮುಳ್ಳಿಲ್ಲ, ಬೂತಾಯಿಯ ಹಾಗೆ ಸಾವಿರ ಜನರ ಗುಂಪಿಲ್ಲ. ಈಜುವುದರಲ್ಲೂ ಸಾಧಾರಣ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ಸೇರಿ ಬಟ್ಟಲಿನ ಹಾಗೆ ಆಗಿದೆ, ಅದರಿಂದ ಬಂಡೆಗೆ ಅಂಟಿಕೊಳ್ಳುತ್ತದೆ. ಅಲೆ ಬಂದಾಗ ಅಷ್ಟು ಸಾಕು. ಮಿಕ್ಕಿದ್ದಕ್ಕೆಲ್ಲ ಅದರ ಹತ್ತಿರ ಇರುವುದು ಒಂದೇ ಬಂಡವಾಳ. ಅದಕ್ಕೆ ತಾನಿರುವ ಜಾಗ ಗೊತ್ತು. ಮೈಗೂ ಗೊತ್ತು, ತಲೆಗೂ ಗೊತ್ತು.

ಮೈಗೆ ಗೊತ್ತು ಅಂದೆನಲ್ಲ, ಅದನ್ನು ನೋಡೋಣ.

ನನ್ನ ಹತ್ತಿರ ಒಂದು ಬಿಳಿ ಐಸ್‌ಕ್ರೀಂ ಡಬ್ಬಿ ಇತ್ತು, ಮದುವೆ ಮನೆಯಿಂದ ಬಂದದ್ದು. ಗುಂಡಿಯ ನೀರು ತುಂಬಿ, ಹುಡುಗ ಹಿಡಿದ ಮೀನನ್ನು ಅದರಲ್ಲಿ ಬಿಟ್ಟೆ. ಬಿಟ್ಟಾಗ ಕಾಫಿ ಬೀಜದ ಬಣ್ಣ. ವಾಚ್ ನೋಡಿಕೊಂಡು ಕೂತೆ. ಸ್ವಲ್ಪ ಹೊತ್ತಿಗೇ ಬೆನ್ನು ತೆಳುವಾಯಿತು, ಮಚ್ಚೆಗಳು ಒಂದೊಂದಾಗಿ ಮಾಸಿದವು. ಆಮೇಲೆ ನೋಡಿದರೆ ಹಾಲು ಜಾಸ್ತಿ ಹಾಕಿದ ಕಾಫಿ. ವಾಪಸ್ ಗುಂಡಿಗೆ ಬಿಟ್ಟಾಗ ಕಪ್ಪು ಬಂಡೆಯ ಮೇಲೆ ಬಿಳಿ ಮೀನು ಎದ್ದು ಕಂಡಿತು. ಕೊಕ್ಕರೆ ಇದ್ದಿದ್ದರೆ ಅವತ್ತೇ ಮುಗಿಯುತ್ತಿತ್ತು, ಪಾಪ. ನೋಡನೋಡುತ್ತ ಮತ್ತೆ ಮಾಯವಾಯಿತು. ಓಡಿಹೋಗಲಿಲ್ಲ, ಕೂತಲ್ಲೇ ಮಾಯ.

ನನ್ನದು ಡಬ್ಬಿ ಪ್ರಯೋಗ. ಇದನ್ನು ಸರಿಯಾಗಿ ಅಳತೆ ಮಾಡಿದವರು ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಸ್ಟೀವನ್ಸ್ ಮತ್ತು ಜೊತೆಗಾರರು. ಕಾರ್ನ್‌ವಾಲ್ ತೀರದ ಫಾಲ್ಮತ್‌ನಲ್ಲಿ ಅವರು ಹಿಡಿದದ್ದು ಅಲ್ಲಿನ ಬಂಡೆ ಗೋಬಿ, ಗೋಬಿಯಸ್ ಪ್ಯಾಗನೆಲ್ಲಸ್. ಬೇರೆ ಕುಲ, ಬದುಕು ಹೆಚ್ಚುಕಡಿಮೆ ಅದೇ. ಕಪ್ಪು, ಬಿಳಿ ಮತ್ತು ಬೇರೆ ಬಣ್ಣದ ತಳಗಳ ಮೇಲೆ ಮೀನನ್ನು ಇಟ್ಟು ಫೋಟೋ ತೆಗೆದು ಲೆಕ್ಕ ಹಾಕಿದರು. ಒಂದೇ ನಿಮಿಷದೊಳಗೆ ಮೈ ಬದಲಾಗಿತ್ತು. ಬೆಳಕು ಕತ್ತಲೆ ಮಾತ್ರ ಅಲ್ಲ, ಬಣ್ಣವೂ ತಳದ ಕಡೆಗೆ ವಾಲಿತ್ತು. ಇದು 2014ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಮೇಲೆ ಚದುರಂಗದ ಮಣೆಯಂಥ ತಳಗಳ ಮೇಲೆ ಇಟ್ಟು ನೋಡಿದರು. ತಳದ ಚೌಕ ಎಷ್ಟು ದೊಡ್ಡದು ಅನ್ನುವುದಕ್ಕೆ ತಕ್ಕ ಹಾಗೆ ಮೈಮೇಲಿನ ಮಚ್ಚೆಗಳ ವಿನ್ಯಾಸವೂ ಬದಲಾಗುತ್ತಿತ್ತು.

ಇದು ಹೇಗೆ ಆಗುತ್ತದೆ? ಒಂದು ಬಿಳಿ ತಟ್ಟೆ ತಗೊಳ್ಳಿ. ನಡುವೆ ಒಂದು ಚಿಟಿಕೆ ಕಪ್ಪು ರಂಗೋಲಿ ಪುಡಿ ಗುಡ್ಡೆ ಹಾಕಿ. ದೂರದಿಂದ ತಟ್ಟೆ ಬಿಳಿಯೇ. ಅದೇ ಪುಡಿಯನ್ನು ಬೆರಳಿನಲ್ಲಿ ತಟ್ಟೆ ತುಂಬ ಹರಡಿ. ಈಗ ತಟ್ಟೆ ಕಪ್ಪು. ಪುಡಿ ಒಂದು ಕಾಳೂ ಜಾಸ್ತಿ ಆಗಲಿಲ್ಲ. ಮೀನಿನ ಚರ್ಮದಲ್ಲಿ ಇಂಥ ತಟ್ಟೆಗಳು ಸಾವಿರಾರು. ಒಂದೊಂದೂ ಒಂದು ಜೀವಕೋಶ, ನಕ್ಷತ್ರದ ಹಾಗೆ ಕವಲು ಚಾಚಿದ್ದು. ಒಳಗೆ ಬಣ್ಣದ ಕಾಳುಗಳು. ನರದಿಂದ ಸಂದೇಶ ಬಂದರೆ ಕಾಳುಗಳು ನಡುವಿಗೆ ಸೇರುತ್ತವೆ, ಮೈ ತೆಳುವಾಗುತ್ತದೆ. ಸಂದೇಶ ಸಡಿಲವಾದರೆ ಕವಲುಗಳ ತುದಿವರೆಗೆ ಹರಡುತ್ತವೆ, ಮೈ ಗಾಢವಾಗುತ್ತದೆ. ಕಪ್ಪಿಗೊಂದು ಬಗೆಯ ಕೋಶ, ಹಳದಿಗೊಂದು, ಬೆಳಕನ್ನು ಕನ್ನಡಿಯಂತೆ ವಾಪಸ್ ಕಳಿಸುವುದೊಂದು. ನರದ ಕೆಲಸ ಆದ್ದರಿಂದಲೇ ನಿಮಿಷದಲ್ಲಿ ಆಗುತ್ತದೆ. ಊಸರವಳ್ಳಿಯನ್ನು ಸುಮ್ನೆ ರಾಜಕಾರಣಿಗಳಿಗೆ ಹೋಲಿಸುತ್ತೇವೆ. ಈ ಮೀನು ನಮ್ಮವರ ಕಣ್ಣಿಗೆ ಬಿದ್ದಿಲ್ಲ, ಅದರ ಪುಣ್ಯ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತುಂಬ ಇಷ್ಟವಾದದ್ದು. ಮೋಡ ಬಂದಿತು ಅಂದುಕೊಳ್ಳಿ. ಗುಂಡಿಯ ತಳ ಕಪ್ಪಾಗಿ ಕಾಣುತ್ತದೆ. ಮೀನು ತಳವನ್ನಷ್ಟೇ ನೋಡುತ್ತಿದ್ದರೆ ಅದೂ ಕಪ್ಪಾಗಬೇಕಿತ್ತು. ಆದರೆ ತಳ ಬಿಳಿ ಮರಳಾಗಿದ್ದರೆ ಮೋಡದಲ್ಲೂ ಅದು ಬಿಳಿ ಮರಳೇ ತಾನೇ? ಕಪ್ಪಾದರೆ ಸಿಕ್ಕಿಬೀಳುತ್ತದೆ. ಹಾಗಾಗಿ ಮೀನಿನ ಕಣ್ಣು ಎರಡು ಕಡೆ ನೋಡುತ್ತದೆ. ಮೇಲಿಂದ ಬೀಳುವ ಬೆಳಕು ಎಷ್ಟು, ತಳದಿಂದ ವಾಪಸ್ ಬರುವುದು ಎಷ್ಟು. ಎರಡನ್ನೂ ತಾಳೆ ಹಾಕುತ್ತದೆ. ಹತ್ತು ಬಂದು ಎಂಟು ವಾಪಸ್ ಹೋದರೆ ತಳ ಬಿಳಿ. ಹತ್ತು ಬಂದು ಒಂದು ಹೋದರೆ ಕಪ್ಪು. ಬಿಸಿಲಿರಲಿ, ಮೋಡವಿರಲಿ, ಲೆಕ್ಕ ತಪ್ಪುವುದಿಲ್ಲ. ಕಣ್ಣು ಕಾಣದ ಮೀನಿಗೆ ಈ ಹೊಂದಾಣಿಕೆ ಆಗುವುದಿಲ್ಲ. ಚರ್ಮದ ಕೆಲಸ ಅಂದುಕೊಂಡದ್ದು ಅರ್ಧ ಕಣ್ಣಿನ ಕೆಲಸ.

ಈಗ ಹಾರುವ ವಿಷಯ. ಹುಡುಗ ಹೇಳಿದ್ದು ಸರಿಯಾಗಿತ್ತು. ಗುಂಡಿಯೊಳಗೆ ಕೋಲು ಹಾಕಿದರೆ ಮೀನು ಸಂದಿಗೆ ನುಗ್ಗುತ್ತದೆ. ಅಲ್ಲಿಗೂ ಕೋಲು ಹೋದರೆ ಚಂಗನೆ ನೀರಿನಿಂದ ಹಾರಿ ಪಕ್ಕದ ಗುಂಡಿಗೆ ಬೀಳುತ್ತದೆ. ನೋಡಿದವರಿಗೆ ತಮಾಷೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಪಕ್ಕದ ಗುಂಡಿ ಅದಕ್ಕೆ ಕಾಣುವುದಿಲ್ಲ. ನೀರಿನೊಳಗೆ ಇದೆ, ನಡುವೆ ಬಂಡೆಯ ಗೋಡೆ. ಒಂದು ಗೇಣು ಆಚೆ ಬಿದ್ದರೆ ಸುಡುವ ಕಲ್ಲು. ಹೇಗೆ ಗೊತ್ತಾಯಿತು?

ಈ ಪ್ರಶ್ನೆಯ ಹಿಂದೆ ಬಿದ್ದವರು ಲೆಸ್ಟರ್ ಅರಾನ್ಸನ್. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡುತ್ತಿದ್ದವರು. ಆ ಮ್ಯೂಸಿಯಮ್ಮಿಗೆ ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ ಒಂದು ಕಡಲ ಪ್ರಯೋಗಾಲಯ ಇತ್ತು. ಅಲ್ಲಿನ ಬಂಡೆಗಳಲ್ಲಿ ಸೊಪೊರೇಟರ್ ಗೋಬಿ ಧಾರಾಳ. ಅರಾನ್ಸನ್ ಕೋಲು ಹಿಡಿದು ಗುಂಡಿಯಿಂದ ಗುಂಡಿಗೆ ಅವನ್ನು ಓಡಿಸಿದರು. ನಮ್ಮ ಹುಡುಗ ಮಾಡುತ್ತಿದ್ದದ್ದನ್ನೇ ಅವರು ನೋಟ್‌ಬುಕ್ ಇಟ್ಟುಕೊಂಡು ಮಾಡಿದರು, ಅಷ್ಟೇ ವ್ಯತ್ಯಾಸ. ಮೀನುಗಳು ಹಾರಿದ್ದು ಸರಿಯಾಗಿ ನೀರಿಗೇ. 1951ರಲ್ಲಿ ಇದನ್ನು ಬರೆದರು. ಅವರ ಊಹೆ ಹೀಗೆ. ಉಬ್ಬರದಲ್ಲಿ ಬಂಡೆ ಎಲ್ಲ ಮುಳುಗಿದಾಗ ಮೀನು ಅದರ ಮೇಲೆ ಈಜಾಡುತ್ತದೆ. ಎಲ್ಲೆಲ್ಲಿ ತಗ್ಗು, ಎಲ್ಲೆಲ್ಲಿ ದಿಬ್ಬ ಅಂತ ನೋಡಿಕೊಳ್ಳುತ್ತದೆ. ಆಗ ತಗ್ಗಾಗಿದ್ದದ್ದೇ ಇಳಿತದಲ್ಲಿ ಗುಂಡಿ.

ಊಹೆ ಯಾರು ಬೇಕಾದರೂ ಮಾಡಬಹುದು. ಅರಾನ್ಸನ್ ಬಿಡಲಿಲ್ಲ. ತಾವೇ ಕೃತಕ ಗುಂಡಿಗಳನ್ನು ಮಾಡಿದರು. ಕೆಲವು ಮೀನುಗಳಿಗೆ ಉಬ್ಬರವನ್ನೇ ತೋರಿಸದೆ, ನೇರವಾಗಿ ಗುಂಡಿಗೆ ಬಿಟ್ಟು ಓಡಿಸಿದರು. ಸರಿಯಾಗಿ ಹಾರಿದ್ದು ನೂರಕ್ಕೆ ಹದಿನೈದು ಸಲ. ಅಂದರೆ ಕುರುಡು ಅದೃಷ್ಟ. ಇನ್ನು ಕೆಲವಕ್ಕೆ ಗುಂಡಿಗಳ ಮೇಲೆ ನೀರು ಏರಿಸಿ, ಒಂದು ರಾತ್ರಿ ಅಡ್ಡಾಡಲು ಬಿಟ್ಟರು. ಮಾರನೇ ದಿನ ನೀರು ಇಳಿಸಿ ಓಡಿಸಿದರೆ ನೂರಕ್ಕೆ ತೊಂಬತ್ತೇಳು ಸಲ ಸರಿ. ಒಂದೇ ರಾತ್ರಿ! ನಲವತ್ತು ದಿನ ಆದಮೇಲೆ ಕೂಡ ಆ ದಾರಿ ನೆನಪಿತ್ತು. ಇದು ಪ್ರಕಟವಾದದ್ದು 1971ರಲ್ಲಿ. ಮೊದಲ ಬರಹದಿಂದ ಇಪ್ಪತ್ತು ವರ್ಷ. ಬೆರಳುದ್ದದ ಮೀನಿನ ಮೇಲೆ ಇಪ್ಪತ್ತು ವರ್ಷ ಮನಸ್ಸಿಟ್ಟ ಆ ಮನುಷ್ಯನ ಬಗ್ಗೆ ನನಗೆ ಮೀನಿಗಿಂತ ಜಾಸ್ತಿ ಆಶ್ಚರ್ಯ.

ಮೀನಿನ ನೆನಪು ಮೂರು ಸೆಕೆಂಡ್ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಮುಂದಿನ ಸಲ ಕಳಿಸಿದವರಿಗೆ ಇದನ್ನು ಹೇಳಿ. ನಾನು ಹೊಸ ಊರಿನಲ್ಲಿ ಲಾಡ್ಜ್‌ನಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯನ್ನು ಮೂರು ದಿನವಾದರೂ ಕೇಳಿಕೊಂಡೇ ಹೋಗುವವನು.

ಇನ್ನೊಂದು ಸೇರಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಕುಲಂ ಬ್ರೌನ್ ಮತ್ತು ಜೆಮ್ಮಾ ವೈಟ್ ಅನ್ನುವವರು ಬಂಡೆಯ ಗೋಬಿಗಳನ್ನೂ ಮರಳು ದಂಡೆಯ ಗೋಬಿಗಳನ್ನೂ ಹೋಲಿಸಿ ನೋಡಿದರು. ಬಂಡೆಯವಕ್ಕೆ ಮಿದುಳಿನ ಮುಂಭಾಗ ದೊಡ್ಡದು. ದಾರಿ, ಜಾಗ ನೆನಪಿಡುವ ಕೆಲಸಕ್ಕೆ ಬೇಕಾದ ಭಾಗ ಅದು. ಮರಳಿನಲ್ಲಿ ಏನಿದೆ ನೆನಪಿಡಲು? ಇವತ್ತಿನ ದಿಬ್ಬ ನಾಳೆ ಅಲೆಗೆ ಹೋಗಿರುತ್ತದೆ. ಬಂಡೆ ಹಾಗಲ್ಲ. ಅಜ್ಜನ ಕಾಲದಲ್ಲಿ ಇದ್ದ ತಗ್ಗು ಮೊಮ್ಮಗನ ಕಾಲಕ್ಕೂ ಅಲ್ಲೇ ಇರುತ್ತದೆ, ಕಲಿತದ್ದು ವ್ಯರ್ಥ ಆಗುವುದಿಲ್ಲ. ಕೆನಡಾ ಕಡೆಯ ಪೆಸಿಫಿಕ್ ತೀರದ ಗುಂಡಿಗಳಲ್ಲಿ ಸ್ಕಲ್ಪಿನ್ ಅಂತ ಬೇರೆಯೇ ಬಳಗದ ಮೀನಿದೆ, ಅದೂ ಮಚ್ಚೆ ಮೈಯದ್ದು. ಅದನ್ನು ನೂರು ಮೀಟರ್ ದೂರ ಒಯ್ದು ಬಿಟ್ಟರೂ ತನ್ನ ಗುಂಡಿ ಹುಡುಕಿಕೊಂಡು ಬರುತ್ತದೆ. ಅದು ಮೂಗನ್ನು ನಂಬುತ್ತದೆ, ವಾಸನೆ ಹಿಡಿದು ಬರುತ್ತದೆ.

ಇಷ್ಟೆಲ್ಲ ಅಡಗುವ ಮೀನಿಗೆ ಸಂಸಾರ ಆಗುವುದು ಹೇಗೆ ಅಂತ ನೀವು ಕೇಳಬೇಕು. ಯಾರಿಗೂ ಕಾಣದೆ ಇದ್ದರೆ ಹೆಣ್ಣಿಗೂ ಕಾಣುವುದಿಲ್ಲವಲ್ಲ. ಇದನ್ನು 1950ರ ದಶಕದಲ್ಲಿ ವಿಲಿಯಂ ಟವೋಲ್ಗಾ ನೋಡಿದರು, ಅದೇ ಸೊಪೊರೇಟರ್ ಗೋಬಿಯಲ್ಲಿ. ಗಂಡಿಗೆ ಹೆಣ್ಣಿನ ಸುಳಿವು ಸಿಕ್ಕಿದರೆ ಮೈಯ ಮಚ್ಚೆ ಅಳಿಸಿ ತೆಳು ಕಂದಾಗುತ್ತದೆ, ಗದ್ದ ಮಾತ್ರ ಕಪ್ಪು. ಅಡಗಿಸುತ್ತಿದ್ದ ಅದೇ ಚರ್ಮ ಈಗ ಅಂಗಡಿ ಬೋರ್ಡು. ಜೊತೆಗೆ ತಲೆ ಅಲ್ಲಾಡಿಸಿ ಗುರುಗುಟ್ಟುತ್ತದೆ. ಹೌದು, ಸದ್ದು ಮಾಡುತ್ತದೆ. ಟವೋಲ್ಗಾ ನೀರಿನೊಳಗೆ ಮೈಕ್ ಇಳಿಸಿ ಅದನ್ನು ರೆಕಾರ್ಡ್ ಮಾಡಿದರು. ಅದಕ್ಕಿಂತ ಮಜಾ ಅಂದರೆ, ಮೊಟ್ಟೆ ತುಂಬಿದ ಹೆಣ್ಣು ಇದ್ದ ತೊಟ್ಟಿಯ ನೀರನ್ನು ಗಂಡಿನ ತೊಟ್ಟಿಗೆ ಹಾಕಿದರೆ ಸಾಕಿತ್ತು. ಹೆಣ್ಣಿಲ್ಲ, ನೀರು ಮಾತ್ರ. ಗಂಡು ಬಣ್ಣ ಬದಲಿಸಿ ಕುಣಿಯಲು ಶುರು ಮಾಡುತ್ತಿತ್ತು. ಹಿಂದಿನ ಸಾಲಿನವರು ಜಾಸ್ತಿ ನಗಬೇಡಿ, ನಮ್ಮ ಕಾಲದಲ್ಲಿ ಪೌಡರ್ ವಾಸನೆಗೆ ಏನೇನಾಗುತ್ತಿತ್ತು ಅಂತ ನನಗೂ ಗೊತ್ತು.

ನನ್ನ ಮಾತು ಇಷ್ಟೇ. ಪ್ರಶ್ನೆಗಳು ಇದ್ದರೆ ಕೇಳಿ.

(ಆಮೇಲೆ ಅರ್ಧ ಗಂಟೆ ಪ್ರಶ್ನೆಗಳು ನಡೆದವು. ಮೂರನ್ನು ಮಾತ್ರ ಇಲ್ಲಿ ಕೊಡುತ್ತೇನೆ.)

ಮೊದಲನೆಯದು ಮೀನು ಮಾರುವ ಒಬ್ಬ ಅಕ್ಕ ಕೇಳಿದ್ದು. ‘ತಿನ್ಲಿಕ್ಕೆ ಆಗ್ತದಾ ಮಾಷ್ಟ್ರೇ?’ ನಮ್ಮ ಊರಿನಲ್ಲಿ ಮೀನಿನ ಭಾಷಣ ಅಂದಮೇಲೆ ಈ ಪ್ರಶ್ನೆ ಬರದೆ ಇರುತ್ತದೆಯೇ? ಆಗ್ತದೆ ಅಕ್ಕ, ಆದರೆ ಹತ್ತು ಹಿಡಿದರೂ ನಿಮ್ಮನೆ ಬೆಕ್ಕು ಇನ್ನೂ ತಾ ಅನ್ನುತ್ತದೆ ಅಂದೆ. ‘ಹಾಗಾದ್ರೆ ನೋಡ್ಲಿಕ್ಕೆ ಮಾತ್ರ’ ಅಂತ ಕೂತರು.

ಎರಡನೆಯದು ಕಾಲೇಜಿನ ಹುಡುಗಿಯೊಬ್ಬಳದ್ದು. ಕುಂದಾಪುರದ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕುಪ್ಪಳಿಸುವ ಮೀನು ನೋಡಿದ್ದೇನೆ, ಇದು ಅದೇನಾ ಅಂತ. ಅಲ್ಲ. ಅದು ಮಡ್‌ಸ್ಕಿಪ್ಪರ್, ಇದರ ಹತ್ತಿರದ ನೆಂಟ. ಅದು ನೀರಿನ ಹೊರಗೆ ಆರಾಮಾಗಿ ಓಡಾಡುತ್ತದೆ, ಕಣ್ಣು ಎತ್ತಿ ನೋಡಿಕೊಂಡು ಹಾರುತ್ತದೆ. ನಮ್ಮ ಗೋಬಿ ನೋಡದೆ ಹಾರುತ್ತದೆ, ನೆನಪಿನಿಂದ ಹಾರುತ್ತದೆ. ಅದೇ ದೊಡ್ಡ ವ್ಯತ್ಯಾಸ.

ಕೊನೆಯದು ಎರಡನೇ ಸಾಲಿನ ಮಂಚೂರಿ ಹುಡುಗನದು. ‘ಕಲ್ಲು ಎತ್ತಿ ನೋಡಬಹುದಾ ಸಾರ್?’

ಎತ್ತಬಹುದು. ಇಳಿತದ ಟೈಮ್ ನೋಡಿಕೊಂಡು ಹೋಗು, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಚಪ್ಪಲಿ ಬೇಡ, ಶೂ ಹಾಕಿಕೋ, ಚಿಪ್ಪು ಕಾಲು ಕುಯ್ಯುತ್ತದೆ. ಕಡಲಿಗೆ ಬೆನ್ನು ಹಾಕಿ ಕೂರಬೇಡ. ಕಲ್ಲನ್ನು ನಿಧಾನಕ್ಕೆ ಎತ್ತು. ಅಡಿಯಲ್ಲಿ ಸಣ್ಣ ಸಣ್ಣ ಅಕ್ಕಿನುಚ್ಚಿನ ಹಾಗೆ ಅಂಟಿಕೊಂಡಿದ್ದರೆ ಅದು ಗೋಬಿಯ ಮೊಟ್ಟೆ ಇರಬಹುದು. ಹೆಣ್ಣು ಇಟ್ಟು ಹೋಗಿರುತ್ತದೆ. ಕಾಯುವುದು ಅಪ್ಪ. ರೆಕ್ಕೆಯಿಂದ ಗಾಳಿ ಹಾಕುವ ಹಾಗೆ ಮೊಟ್ಟೆಗಳ ಮೇಲೆ ನೀರು ಆಡಿಸುತ್ತ ಅಲ್ಲೇ ಎಲ್ಲೋ ಇರುತ್ತಾನೆ, ನಿನಗೆ ಕಾಣುವುದಿಲ್ಲ. ಕಲ್ಲನ್ನು ಮಗುಚಿ ಬಿಟ್ಟರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಹಾಗಾಗಿ ಹೇಗೆ ಎತ್ತಿದೆಯೋ ಹಾಗೇ, ಅದೇ ಮಗ್ಗುಲಿಗೆ, ಅದೇ ಗುಳಿಯಲ್ಲಿ ಇಡು. ಇಡುವ ಮೊದಲು ಬೆರಳಿನಿಂದ ಗುಳಿಯೊಳಗೆ ಒಂದು ಸಲ ಮೆಲ್ಲಗೆ ಆಡಿಸು. ಅಪ್ಪ ಅಲ್ಲೇ ಕೂತಿದ್ದರೂ ಕೂತಿರಬಹುದು.